ಮೋರಾ, ಹೇಳು ಅವಳಿಗೆ

ಸೈಕಲ್ ತುಳಿಯುವವರ ಬಗ್ಗೆ ಕಸಿಲ್ದಾಳಿಗೆ ಮೊದಲ ದಿನವೇ ಒಂದು ಅಭಿಪ್ರಾಯ ಹುಟ್ಟಿಬಿಟ್ಟಿತ್ತು, ಅದೇನೂ ಒಳ್ಳೆಯ ಅಭಿಪ್ರಾಯವಲ್ಲ. ತೊರೆಸೆಕಾ ಊರಿಗೆ ಇರುವುದೊಂದೇ ಬಾರು, ಅದು ಅವಳದು. ಅದರ ಬಾಗಿಲಲ್ಲಿ ಒಂದು ಬೆಳಗ್ಗೆ ಒಬ್ಬ ಗಂಡಸು ಬಂದು ನಿಂತ. ಮೈಗಂಟಿದ ಕರಿ ಚಡ್ಡಿ, ಆ ಚಡ್ಡಿಯ ಕುಂಡಿಗೆ ಒಂದು ಮೆತ್ತೆ, ಆಡಿನ ಗೊರಸಿನ ಹಾಗೆ ಟಕಟಕ ಅನ್ನುವ ಬೂಟು, ಮುಖದ ತುಂಬ ಬಿಳಿ ಧೂಳು. ಕಸಿಲ್ದಾ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಇಸ್ಪೀಟು ಆಡುತ್ತಿದ್ದ ಮುದುಕರ ಕಡೆ ತಿರುಗಿದಳು. "ಯಾವ್ದೋ ಆಸ್ಪತ್ರೆಯಿಂದ ತಪ್ಪಿಸ್ಕೊಂಡು ಬಂದವ್ನೆ, ಪಾಪ. ಪ್ಯಾಂಟು ಹಾಕ್ಕೊಳ್ಳೋಕೂ ಪುರಸೊತ್ತು ಸಿಕ್ಕಿಲ್ಲ."

ತಪ್ಪಿಸಿಕೊಂಡು ಬಂದವನು ನಾಲ್ಕು ಮೊಟ್ಟೆ, ಒಂದು ಮೊಳ ಸಾಸೇಜು, ಅರ್ಧ ಬ್ರೆಡ್ಡು ಮುಗಿಸಿ, ತಟ್ಟೆಗಂಟಿದ ಎಣ್ಣೆಯನ್ನೂ ಬ್ರೆಡ್ಡಿನ ತುಂಡಿನಲ್ಲಿ ಒರೆಸಿ ತಿಂದು, "ಇನ್ನೂ ಇದೆಯಾ?" ಎಂದು ಕೇಳಿದ. ಕಸಿಲ್ದಾಳ ಅಭಿಪ್ರಾಯ ಅಲ್ಲೇ ಅರ್ಧ ಕರಗಿತು. ಹಾಗೆ ತಿನ್ನುವ ಮನುಷ್ಯನನ್ನು ಅವಳು ನೋಡಿ ಎಷ್ಟೋ ವರ್ಷವಾಗಿತ್ತು. ಇಸ್ಪೀಟಿನ ಮುದುಕರೋ, ಒಂದು ಕಾಫಿ ಹೇಳಿದರೆ ಸಂಜೆಯ ತನಕ ಅದರ ಲೋಟ ನೆಕ್ಕುತ್ತ ಕೂರುವ ಜಾತಿ.

ಈ ಕಸಿಲ್ದಾ ಎಂಬುವಳು ಹುಟ್ಟಿದ್ದು ಬಾರಿನ ಮೇಲಿನ ಕೋಣೆಯಲ್ಲಿ, ಬೆಳೆದದ್ದು ಬಾರಿನ ಕಟ್ಟೆಯ ಹಿಂದೆ, ಮುದುಕಿಯಾದದ್ದೂ ಅಲ್ಲೇ. ಮದುವೆಯಾಗಲಿಲ್ಲ. ಯಾಕೆ ಆಗಲಿಲ್ಲ ಎಂದು ಕೇಳಿದರೆ, "ನನ್ ಕೈಲಿ ಬೈಸ್ಕೊಂಡು ಬದುಕೋ ಗಂಡಸು ತೆರುವೆಲ್ ಸೀಮೇಲೇ ಹುಟ್ಟಿಲ್ಲ" ಎನ್ನುತ್ತಿದ್ದಳು. ಒಬ್ಬ ಹುಟ್ಟಿದ್ದ. ಅವನ ಮಾತು ಆಮೇಲೆ ಬರುತ್ತದೆ.

ತೊರೆಸೆಕಾಗೆ ಡಾಂಬರು ರಸ್ತೆ ಇಲ್ಲ. ಹೆದ್ದಾರಿಯಿಂದ ಹೊರಟರೆ ಬೆಟ್ಟವನ್ನು ಸುತ್ತಿ, ಪೈನ್ ಕಾಡು ದಾಟಿ, ರಣಹದ್ದುಗಳ ಬಂಡೆಯ ಬುಡದಲ್ಲಿ ಹಾದು, ಸೊಟ್ಟಸೊಟ್ಟಗೆ ಊರು ಸೇರುವ ಒಂದು ಗರಸು ದಾರಿ. ಅದರ ಮೇಲೆ ದಿನಕ್ಕೊಮ್ಮೆ ಬ್ರೆಡ್ಡಿನ ವ್ಯಾನು, ಆಗೊಮ್ಮೆ ಈಗೊಮ್ಮೆ ಒಂದು ಟ್ರಾಕ್ಟರು. ಪಾದ್ರಿ ಮೊದಲು ವಾರವಾರ ಬರುತ್ತಿದ್ದ. ಕಾರಿನ ತಳ ಎರಡು ಸಲ ಕಲ್ಲಿಗೆ ಬಡಿದ ಮೇಲೆ ತಿಂಗಳಿಗೊಮ್ಮೆ ಬರತೊಡಗಿದ. ವಾರವಾರ ಪಾದ್ರಿಯ ಮುಂದೆ ಒಪ್ಪಿಕೊಳ್ಳುವಷ್ಟು ಪಾಪ ಮಾಡುವ ವಯಸ್ಸು ಯಾರಿಗೂ ಉಳಿದಿಲ್ಲವಾದ್ದರಿಂದ ಊರು ಹೇಗೋ ಸುಧಾರಿಸಿಕೊಂಡಿತು.

ಡಾಂಬರು ಬೇಕು ಎನ್ನುವುದೇ ಕಸಿಲ್ದಾಳ ಜೀವನದ ಜಪ. ಚುನಾವಣೆ ಬಂದರೆ ಸಾಕು, ಓಟು ಕೇಳಲು ಬಂದವರನ್ನು ಕೂರಿಸಿ, ಹಂದಿತೊಡೆಯ ಒಣಮಾಂಸ ಕೊಯ್ದು ಕೊಟ್ಟು, "ರಸ್ತೆ ಯಾವಾಗ?" ಎಂದು ಕೇಳುತ್ತಿದ್ದಳು. ಎಲ್ಲ ಪಕ್ಷದವರೂ ಬಾಯಲ್ಲಿ ಮಾಂಸವಿಟ್ಟುಕೊಂಡು "ಮುಂದಿನ ವರ್ಷ" ಎಂದರು. ಅವರ ಪೋಸ್ಟರುಗಳನ್ನೆಲ್ಲ ಅವಳು ಬಾರಿನ ಕಕ್ಕಸಿನಲ್ಲಿ ಸಾಲಾಗಿ ಅಂಟಿಸಿದ್ದಾಳೆ. ಗಂಡಸರು ನಿಂತುಕೊಂಡರೆ ಸರಿಯಾಗಿ ಎದುರಿಗೆ ಬರುವ ಹಾಗೆ.

ಡಾಂಬರಿನ ಹುಚ್ಚು ಅವಳಿಗೆ ಸುಮ್ಮನೆ ಹತ್ತಿದ್ದಲ್ಲ. ಅವಳಿಗೆ ಇಪ್ಪತ್ತು ದಾಟಿದ್ದ ಕಾಲಕ್ಕೆ ಅವಳ ತಾಯಿ ಒಲೆಯ ಮುಂದೆ ಕುಸಿದು ಬಿದ್ದಳು. ಅಪ್ಪ ಮೆಲಿತೋನ್ ಟ್ರಾಕ್ಟರಿನ ಹಿಂದಿನ ಗಾಡಿಗೆ ಹುಲ್ಲು ಹಾಸಿ ಹೆಂಡತಿಯನ್ನು ಮಲಗಿಸಿದ. ಕಸಿಲ್ದಾ ತಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಆ ದರಿದ್ರ ದಾರಿ ಬೆಟ್ಟವನ್ನು ಸುತ್ತಿತು, ಸುತ್ತಿತು, ಇನ್ನೂ ಸುತ್ತಿತು. ಗುಂಡಿ ಬಂದಾಗಲೆಲ್ಲ ತಾಯಿ ನರಳುತ್ತಿದ್ದಳು. ಹೆದ್ದಾರಿ ಕಾಣಿಸುವ ಹೊತ್ತಿಗೆ ಗುಂಡಿ ಬಂದರೂ ನರಳಲಿಲ್ಲ. ಅವತ್ತಿನಿಂದ ಕಸಿಲ್ದಾಳಿಗೆ ಆ ದಾರಿಯ ಒಂದೊಂದು ಕಲ್ಲನ್ನು ಕಂಡರೂ ಮೈ ಉರಿಯುತ್ತದೆ.

ಇನ್ನು ಆ ಒಬ್ಬ ಗಂಡಸಿನ ವಿಷಯ. ಅವನು ಬಸೀಲಿಯೊ, ಊರಿನಲ್ಲಿ ಉಳಿದಿರುವ ಕೊನೆಯ ಕುರುಬ. ಒಂದು ಕಾಲದಲ್ಲಿ ಸಾನ್ ರೋಕೆ ಹಬ್ಬದ ಕುಣಿತದಲ್ಲಿ ಅವನು ಕಸಿಲ್ದಾಳನ್ನು ಬಿಟ್ಟು ಬೇರೆ ಯಾರ ಕೈಯನ್ನೂ ಹಿಡಿಯುತ್ತಿರಲಿಲ್ಲ. ಆಮೇಲೆ ಕಲ್ಲಿನ ಜಗಳ ಬಂತು.

ತೊರೆಸೆಕಾದಿಂದ ಹೆದ್ದಾರಿಗೆ ಇನ್ನೊಂದು ದಾರಿಯಿತ್ತು, ನೇರವಾದದ್ದು. ಊರ ಹಿಂದಿನಿಂದ ಹೊರಟು ಹೊಲಗಳ ನಡುವೆ ಸೀದಾ ಕೆಳಗಿಳಿಯುವ ಕುರಿದಾರಿ. ಬೇಸಿಗೆಗೆ ಬೆಟ್ಟಕ್ಕೂ ಚಳಿಗೆ ಬಯಲಿಗೂ ಮಂದೆ ಹೊಡೆದುಕೊಂಡು ಹೋಗಲೆಂದು ಯಾವುದೋ ಕಾಲದ ರಾಜರು ಕುರಿಗಳಿಗೆ ಬಿಟ್ಟುಕೊಟ್ಟದ್ದು. ಎರಡು ಮಂದೆ ಎದುರಾದರೂ ಮೈ ತಾಕದಷ್ಟು ಅಗಲ. ಅದನ್ನು ಮಾರುವಂತಿಲ್ಲ, ಮುಚ್ಚುವಂತಿಲ್ಲ, ಡಾಂಬರು ಹಾಕುವಂತಿಲ್ಲ, ಉಳುವಂತಿಲ್ಲ, ಹಾಗೆಂದು ಕಾನೂನೇ ಇದೆ. ತೊರೆಸೆಕಾದಲ್ಲಿ ಎಲ್ಲರೂ ಉಳುತ್ತಿದ್ದರು. ಒಂದೇ ಸಲಕ್ಕೆ ನುಂಗಿದರೆ ಅದು ಕಳ್ಳತನ. ವರ್ಷಕ್ಕೊಂದು ಸಾಲು ಹೆಚ್ಚಿಗೆ ಹೊಡೆದರೆ? ನೇಗಿಲು ಸ್ವಲ್ಪ ಜಾರಿತು, ಅಷ್ಟೆ. ಊರಿಗೆ ಊರೇ ಜಾರಿಸಿದ್ದರಿಂದ ದೂರು ಕೊಡುವವರು ಯಾರೂ ಇರಲಿಲ್ಲ, ಬಸೀಲಿಯೊನ ಮನೆಯವರನ್ನು ಬಿಟ್ಟರೆ. ಅವರಿಗೆ ಇದ್ದದ್ದು ಕುರಿ, ಹೊಲವಲ್ಲ.

ಮೆಲಿತೋನ್ ಎಲ್ಲರಿಗಿಂತ ಒಂದು ಕೈ ಮೇಲೆ. ಅವನ ಗೋದಿಹೊಲ ಕುರಿದಾರಿಯ ಬಾಯಿಗೇ ಇತ್ತು. ಅವನು ದಾರಿಯ ಗಡಿಕಲ್ಲನ್ನೇ ಕಿತ್ತು, ಹೇಸರಗತ್ತೆ ಕಟ್ಟಿ ಎಳೆದುಕೊಂಡು ಬಂದು ಬಾರಿನ ಬಾಗಿಲಲ್ಲಿ ಹಾಕಿದ. ಕೂರಲು ಒಳ್ಳೆಯ ಕಲ್ಲಾಯಿತು. "ಅದು ಹೊಲ, ದಾರಿ ಅಲ್ಲ," ಎಂದು ಸಾರಿ, ಅದರ ಮೇಲೆ ಒಂದು ತಳ್ಳುಗಾಡಿಯನ್ನೂ ಬಿಡಲಿಲ್ಲ. "ಒಂದೇ ಒಂದು ಗಾಲಿ ಹರೀಲಿ, ನಾಳೆ ದಾರಿ ಅಂತ ಎದ್ದು ನಿಲ್ತಾರೆ ನನ್ ಮಕ್ಳು," ಎನ್ನುತ್ತಿದ್ದ.

ಬಸೀಲಿಯೊ ಬಾರಿನ ಬಾಗಿಲಿಗೇ ಬಂದು, ಆ ಕಲ್ಲಿನ ಮುಂದೆ ಟೋಪಿ ನೆಲಕ್ಕೆ ಬಡಿದು ಆಣೆ ಮಾಡಿದ: "ಈ ಕಲ್ಲು ಇದ್ದ ಜಾಗಕ್ಕೆ ವಾಪಸ್ ಹೋಗೋವರ್ಗೂ ಈ ಮನೆಯವ್ರ ಜೊತೆ ನನ್ಗೆ ಮಾತಿಲ್ಲ. ಒಬ್ರ ಜೊತೇನೂ ಇಲ್ಲ!" ಹಾಗೆನ್ನುವಾಗ ಅವನು ನೋಡಿದ್ದು ಮೆಲಿತೋನನನ್ನಲ್ಲ, ಕಿಟಕಿಯಲ್ಲಿದ್ದ ಕಸಿಲ್ದಾಳನ್ನು.

ಆಣೆಯೇನೋ ಆಯಿತು. ಆದರೆ ಊರಿನಲ್ಲಿ ಬಾರು ಒಂದೇ, ಬಸೀಲಿಯೊಗೆ ವೈನಿನ ಚಟ ಬೇರೆ. ಎರಡು ದಿನ ಒದ್ದಾಡಿದ, ಮೂರನೆಯ ದಿನ ನಾಯಿಯನ್ನು ಕರೆದುಕೊಂಡು ಬಂದ. ಕರುವಿನಷ್ಟು ಎತ್ತರದ ಕುರಿನಾಯಿ, ಹೆಸರು ಮೋರಾ. ಬಾಗಿಲ ಹೊರಗೇ ನಿಂತು, "ಮೋರಾ, ಹೇಳು ಅವಳಿಗೆ, ಒಂದು ಲೋಟ ಕೆಂಪು ವೈನು," ಎಂದ. ಕಸಿಲ್ದಾ ತಂದುಕೊಟ್ಟಳು. ನಿಂತುಕೊಂಡೇ ಕುಡಿದ. ಆ ಕಲ್ಲಿನ ಮೇಲೆ ಕೂರಲಿಲ್ಲ, ಹೊಸ್ತಿಲನ್ನೂ ದಾಟಲಿಲ್ಲ.

ಅದು ಹಾಗೇ ನಡೆದುಕೊಂಡು ಬಂತು. ಮೆಲಿತೋನ್ ಸತ್ತ. ಮೊದಲನೆಯ ಮೋರಾ ಸತ್ತಳು, ಎರಡನೆಯ ಮೋರಾ ಬಂದಳು, ಅವಳೂ ಸತ್ತು ಮೂರನೆಯವಳು ಬಂದಳು. ನಾಯಿ ಬದಲಾದರೂ ಹೆಸರು ಬದಲಾಗಲಿಲ್ಲ, ಮಾತೂ ಬದಲಾಗಲಿಲ್ಲ.

"ಮೋರಾ, ಹೇಳು ಅವಳಿಗೆ, ವೈನು ಹುಳಿ ಬಂದಿದೆ."

"ಹುಳಿ ಬಂದಿರೋದು ವೈನಲ್ಲ ಕಣೋ, ನಿನ್ ಮೂತಿ!"

"ಮೋರಾ, ಕೇಳಿದ್ಯಾ? ಅಪ್ಪನ್ ಥರಾನೇ."

ಮನಸ್ಸು ಮಾಡಿದ್ದರೆ ಕಸಿಲ್ದಾ ಕಲ್ಲನ್ನು ಎಂದೋ ವಾಪಸು ಹಾಕಿಸಬಹುದಿತ್ತು. ಹಾಕಿಸಲಿಲ್ಲ. ಯಾಕೆಂದರೆ ಆಣೆಯಾದ ಸ್ವಲ್ಪ ಕಾಲಕ್ಕೆ, ಅವಳ ತಾಯಿಯನ್ನು ಗಾಡಿಯಲ್ಲಿ ಸಾಗಿಸಿದ ದಿನ, ಊರು ದಾಟಿದ ಮೊದಲ ತಿರುವಿನಲ್ಲಿ ಈ ಬಸೀಲಿಯೊ ಹೊಲದೊಳಗೆ ನಿಂತು, ಕೋಲು ಬೀಸಿಕೊಂಡು, ಗಂಟಲು ಹರಿಯುವ ಹಾಗೆ ನಾಯಿಯನ್ನು ಕೂಗುತ್ತಿದ್ದ. "ಮೋರಾ! ಈ ಕಡೆ! ಈ ಕಡೆ!" ಗಾಡಿಯಲ್ಲಿ ಒಂದು ಜೀವ ಹೋಗುತ್ತಿದೆ, ಇವನಿಗೆ ಕುರಿ ತಿರುಗಿಸುವ ಚಿಂತೆ! ಟೋಪಿ ತೆಗೆಯುವಷ್ಟೂ ಮರ್ಯಾದೆಯಿಲ್ಲ! ಕಸಿಲ್ದಾ ಅದನ್ನು ಮರೆಯಲಿಲ್ಲ, ಮರೆಯುವ ಯೋಚನೆಯೂ ಇರಲಿಲ್ಲ.

ಇಂಥ ಊರಿಗೆ ಸೈಕಲ್ಲಿನವರು ಬಂದರು. ಅವರನ್ನು ಕರೆತಂದವಳು ಐನೋವಾ ಎಂಬ ಬಿಲ್ಬಾವೊ ಕಡೆಯ ಹುಡುಗಿ. ಕಾರು ಲಾರಿ ಇಲ್ಲದ ಮಣ್ಣುದಾರಿಗಳನ್ನು ಹುಡುಕಿ, ಒಂದಕ್ಕೊಂದು ಜೋಡಿಸಿ ಫೋನಿಗೆ ಹಾಕುವುದೇ ಅವಳ ಕೆಲಸ. ಅವಳು ಹೋದ ದಾರಿಯಲ್ಲಿ ನೂರಾರು ಜನ ಹಿಂದೆ ಹಿಂದೆ ತುಳಿದುಕೊಂಡು ಬರುತ್ತಾರೆ. ಮೊದಲ ಸಲ ಬಂದಾಗ ಕಸಿಲ್ದಾ ಅವಳಲ್ಲಿ ಕ್ಷಮೆ ಕೇಳಿದ್ದಳು. "ತಪ್ಪು ತಿಳೀಬೇಡ ಮಗಳೇ, ದಾರಿ ಹಾಳಾಗೋಗಿದೆ. ಮುಂದಿನ್ ವರ್ಷ ಡಾಂಬರು ಹಾಕ್ತಾರಂತೆ."

ಐನೋವಾ ಬಾಯಿಗಿಟ್ಟ ನೀರನ್ನು ಉಗುಳಿಬಿಟ್ಟಳು. "ಅಯ್ಯೋ ಬೇಡ! ದಯವಿಟ್ಟು ಹಾಕಿಸ್ಬೇಡಿ! ಇಂಥ ದಾರಿ ಹುಡುಕ್ಕೊಂಡು ನಾವು ದೇಶ ಎಲ್ಲಾ ಅಲೀತೀವಿ. ಬೆಳಗ್ಗೆಯಿಂದ ಒಂದು ಹಾರ್ನ್ ಕೇಳಿಸ್ಲಿಲ್ಲ ನನಗೆ."

"ಹಾರ್ನ್ ಕೇಳ್ದೇನೇ ನಾವು ಹುಟ್ಟಿ ಮುದುಕರಾಗೋದ್ವಲ್ಲ, ನಮ್ಗೆ ಯಾರೂ ಪದಕ ಕೊಡ್ಲಿಲ್ಲ," ಎಂದಳು ಕಸಿಲ್ದಾ. ಹುಡುಗಿಗೆ ತಲೆ ಸರಿಯಿಲ್ಲ ಎಂದು ಅವಳಿಗೆ ಖಾತ್ರಿಯಾಯಿತು.

ಆದರೂ ಮುಂದಿನ ಶನಿವಾರದ ಹೊತ್ತಿಗೆ ಒಂದು ಗುಂಪೇ ಬಂತು, ಅದರ ಮುಂದಿನ ವಾರ ಇನ್ನೊಂದು. ವಕೀಲರಂತೆ, ಹಲ್ಲಿನ ಡಾಕ್ಟರಂತೆ, ಒಬ್ಬ ಜಡ್ಜ್ ಕೂಡ ಇದ್ದನಂತೆ. ಚಡ್ಡಿಯಲ್ಲಿ ಯಾರು ಜಡ್ಜ್ ಯಾರು ಕಳ್ಳ ಒಂದೂ ತಿಳಿಯುವಂತಿರಲಿಲ್ಲ. ಎಲ್ಲರೂ ಬಾಗಿಲ ಕಲ್ಲಿನ ಮೇಲೆ ಕೂತು ಬೂಟಿನೊಳಗಿನ ಗರಸು ಸುರಿದು, ಒಳಗೆ ಬಂದು ಕೊಯ್ಲಿನಾಳುಗಳಂತೆ ತಿಂದರು. ಒಣ ಬ್ರೆಡ್ಡಿನ ಪುಡಿಯನ್ನು ಬೆಳ್ಳುಳ್ಳಿ, ಹಂದಿಕೊಬ್ಬಿನಲ್ಲಿ ಹುರಿದು ದ್ರಾಕ್ಷಿ ಹಾಕಿದ ಮೀಗಾಸ್ ಎಂದರೆ ಬಡವರ ಊಟ. ಅದಕ್ಕೆ ಜಡ್ಜು ಎರಡು ಸಲ ತಟ್ಟೆ ಹಿಡಿದ. ಕಸಿಲ್ದಾ ಬಾಯಿ ತುಂಬ ಬೈಯುತ್ತ, ಮನಸ್ಸು ತುಂಬ ಸಂತೋಷಪಡುತ್ತ ಬಡಿಸಿದಳು. ಎಷ್ಟೋ ವರ್ಷದಿಂದ ಒಬ್ಬಳಿಗೇ ಅಡಿಗೆ ಮಾಡಿಕೊಂಡು ತಿಂದವಳು. ಒಂದು ಮೊಟ್ಟೆಗಾಗಿ ಬಾಣಲೆ ತೊಳೆಯುವ ಬೇಸರ ಏನೆಂದು ಅವಳಿಗೆ ಗೊತ್ತು. ಆ ವರ್ಷ ಬಾರು ಮುಚ್ಚಿ ಸರಗೋಸಾದಲ್ಲಿರುವ ಚಿಕ್ಕಪ್ಪನ ಮಗಳ ಮನೆಗೆ ಹೋಗುವುದೆಂದು ಆಗಲೇ ತೀರ್ಮಾನಿಸಿದ್ದಳು. ಆ ಮನೆಯ ಕಿಟಕಿ ತೆರೆದರೆ ಕಾಣುವುದು ಇನ್ನೊಬ್ಬರ ಕಿಟಕಿ. ಆ ತೀರ್ಮಾನವನ್ನು ಸದ್ದಿಲ್ಲದೆ ಮಡಚಿಟ್ಟಳು.

ಬಸೀಲಿಯೊ ಮಾತ್ರ ಹೊರಗೆ ನಿಂತು ಅವರ ಚಡ್ಡಿಗಳನ್ನು ನೋಡಿ ಗೊಣಗುತ್ತಿದ್ದ. "ಮೋರಾ, ಹೇಳು ಅವಳಿಗೆ, ನಮ್ ಕುರಿಗಳೇ ವಾಸಿ. ಮೈ ತುಂಬ ಬಟ್ಟೆ ಇದೆ."

ಹೀಗಿರುವಾಗ ಏಪ್ರಿಲಿನಲ್ಲಿ ಊರಿನ ಮೇಯರ್ ಉಲ್ಪಿಯಾನೊ ಏದುಸಿರು ಬಿಡುತ್ತ ಬಾರಿಗೆ ನುಗ್ಗಿದ. ಬಾದಾಮಿ ಬೆಳೆಯುವವನು, ದಪ್ಪ ಹೊಟ್ಟೆಯವನು, ಬೇರೆ ಯಾರೂ ಒಪ್ಪದ್ದರಿಂದ ಮೇಯರಾದವನು. "ಕಸಿಲ್ದಾ! ಬಂತು! ಡಾಂಬರು ಬಂತು! ಊರಸಭೆ ಒಪ್ಪಿದ್ರೆ ಬೇಸಿಗೇಲೇ ಹಾಕ್ತಾರಂತೆ! ನಿನ್ ಜನ್ಮ ಸಾರ್ಥಕ ಆಯ್ತು ಹೋಗು!"

ಮುದುಕರು ಚಪ್ಪಾಳೆ ತಟ್ಟಿದರು. ಕಸಿಲ್ದಾ ಕೈಯಲ್ಲಿದ್ದ ತಟ್ಟೆಯನ್ನು ಹಾಗೇ ಹಿಡಿದು ನಿಂತಿದ್ದಳು. ಆ ತಟ್ಟೆ ಐನೋವಾಳದು. ಅವಳು ಕಟ್ಟೆಯ ಬಳಿ ಕೂತು ಎಲ್ಲ ಕೇಳಿಸಿಕೊಂಡಿದ್ದಳು.

"ಡಾಂಬರು ಬಂದ್ರೆ ಕಾರುಗಳೂ ಬರ್ತವೆ," ಎಂದಳು ಐನೋವಾ ಮೆಲ್ಲಗೆ. "ಕಾರು ಬಂದ್ರೆ ನಮ್ಮವರು ಬರಲ್ಲ. ಬೇಜಾರು ಮಾಡ್ಕೋಬೇಡಿ. ಮೊಂಟಾಲ್ವೊ ಕಡೆಯಿಂದ ದಾರಿ ತಿರುಗಿಸ್ಬೇಕಾಗುತ್ತೆ."

ಮೊಂಟಾಲ್ವೊ! ಹಳ್ಳದ ಆಚೆಯ ಊರು. ಅಲ್ಲಿಯ ಬಾರಿನವನು ಕಳೆದ ವರ್ಷದ ಎಣ್ಣೆಯಲ್ಲಿ ಈ ವರ್ಷ ಕರಿಯುತ್ತಾನೆ. ಕಸಿಲ್ದಾಳಿಗೆ ಪಿತ್ತ ನೆತ್ತಿಗೇರಿತು. ಅವಳು ಹುಡುಗಿಗೆ ಬೈದಳು, ಮೇಯರಿಗೆ ಬೈದಳು, ಚಪ್ಪಾಳೆ ತಟ್ಟಿದವರಿಗೂ ಬೈದಳು. ಬೈಗುಳ ಮುಗಿದ ಮೇಲೆ ಸ್ಟೂಲಿನ ಮೇಲೆ ಕುಸಿದು ಕೂತಳು. ಡಾಂಬರು ಬೇಡವೆಂದರೆ ತಾಯಿಯನ್ನೇ ಬೇಡವೆಂದಂತೆ. ನಾಳೆ ಇನ್ಯಾರೋ ಒಲೆಯ ಮುಂದೆ ಬಿದ್ದರೆ? ಬೇಕೆಂದರೆ ಬಾರು ಮುಚ್ಚುತ್ತದೆ, ಅವಳು ಸರಗೋಸಾದ ಆ ಕಿಟಕಿಯ ಮುಂದೆ ಹೋಗಿ ಕೂರುತ್ತಾಳೆ.

"ಬೇರೆ ದಾರೀನೇ ಇಲ್ವಾ?" ಎಂದು ಐನೋವಾ ಕೇಳಿದಳು. "ಬರ್ತಾ ಒಬ್ರು ಕುರಿ ಹೊಡ್ಕೊಂಡು ನೇರ ಕೆಳಗಡೆ ಇಳೀತಿದ್ರು, ಹೊಲದ ಮಧ್ಯ. ಸಣ್ಣ ಜಾಗ, ಕುರಿಗಳು ಒಂದರ ಹಿಂದೆ ಒಂದು ಹೋಗ್ತಿದ್ವು. ಅದೇನದು?"

 ಇಸ್ಪೀಟಿನವರೆಲ್ಲ ತಮ್ಮ ಕೈಯ ಎಲೆಗಳನ್ನು ಈಗ ತಾನೇ ಕಂಡವರಂತೆ ಪರೀಕ್ಷಿಸತೊಡಗಿದರು. ಉಲ್ಪಿಯಾನೊ ಕೆಮ್ಮಿದ. ಆಗ ಬಾಗಿಲ ಹೊರಗಿನಿಂದ, ಕತ್ತೆ ಕೂಗಿದ ಹಾಗೆ, ಒಂದು ನಗು ಕೇಳಿಸಿತು.

"ಮೋರಾ, ಹೇಳು ಆ ಹುಡುಗಿಗೆ! ಅದು ಈ ಸೀಮೇಲೇ ಅಗಲವಾದ ದಾರಿ. ಈ ದೊಡ್ಡ ಮನುಷ್ಯರು ಅದನ್ನ ಬ್ರೆಡ್ ಮಾಡ್ಕೊಂಡು ತಿಂದವ್ರೆ! ಅದ್ರ ಗಡಿಕಲ್ಲಿನ್ ಮೇಲೇ ಕೂತು ನೀನು ಬೂಟು ಕೊಡವಿದ್ದು ಅಂತಾನೂ ಹೇಳು!"

ಐನೋವಾ ಕಲ್ಲನ್ನು ನೋಡಿದಳು, ಆಮೇಲೆ ಕಸಿಲ್ದಾಳನ್ನು. "ಅದು ತೆರೆದ್ರೆ ನಮಗೆ ಇನ್ನೇನೂ ಬೇಡ," ಎಂದಳು. "ಕುರಿದಾರಿಗೆ ಯಾವತ್ತೂ ಡಾಂಬರು ಬೀಳಲ್ಲ."

ಭಾನುವಾರ ಚರ್ಚಿನ ಗಂಟೆ ಬಾರಿಸಿದರು. ಇಷ್ಟು ಸಣ್ಣ ಊರುಗಳಲ್ಲಿ ಪಂಚಾಯಿತಿ ಗಿಂಚಾಯಿತಿ ಇಲ್ಲ. ಎಲ್ಲರೂ ಚರ್ಚಿನ ಜಗಲಿಗೆ ಬಂದು ಕೈ ಎತ್ತುತ್ತಾರೆ. ಮೊದಲು ಮಾತಾಡಲು ಉಲ್ಪಿಯಾನೊ ಕಸಿಲ್ದಾಳನ್ನೇ ಕರೆದ. ಡಾಂಬರಿನ ತಾಯಿ ಅವಳೇ ಅಲ್ಲವೇ?

"ಡಾಂಬರು ಬೇಕು," ಎಂದಳು ಕಸಿಲ್ದಾ. "ನಮ್ಮಮ್ಮನ್ ಥರ ಇನ್ನೊಬ್ರು ಗುಂಡಿ ಗುಂಡೀಲಿ ಸಾಯೋದು ಬೇಡ. ನಾನು ಕೈ ಎತ್ತಿದೀನಿ, ನೀವೂ ಎತ್ತಿ." ಎಲ್ಲ ಕೈಗಳೂ ಎದ್ದವು. "ಹಂಗೇ ಇಟ್ಕೊಳ್ಳಿ, ಇಳಿಸ್ಬೇಡಿ. ಇನ್ನೊಂದಿದೆ. ಕುರಿದಾರಿ ತೆಗೀಬೇಕು."

ಕೈಗಳು ದಬದಬ ಕೆಳಗಿಳಿದವು.

"ಏನ್ ಹೆಂಗಸಮ್ಮಾ ನೀನು!" ಉಲ್ಪಿಯಾನೊ ಬಾಯಿ ಬಡಿದುಕೊಂಡ. "ನನ್ ಬಾದಾಮಿ ಮರ ಇವೆ ಅಲ್ಲಿ! ಕಾಯಿ ಕಚ್ಚಿವೆ!"

"ನಿನ್ ಮರ ಹೆಂಗೆ ಅಲ್ಲಿಗೆ ಹೋದ್ವು? ನಡ್ಕೊಂಡು ಹೋದ್ವಾ? ಹೇಳು, ಎಲ್ರೂ ಕೇಳಿಸ್ಕೊಳ್ಳಿ!"

"ನಿಮ್ಮಪ್ಪ ಕಲ್ಲನ್ನೇ ಹೊತ್ಕೊಂಡ್ ಹೋದ್ನಲ್ಲ!"

"ಹೊತ್ಕೊಂಡ್ ಹೋದ. ಕಳ್ಳ. ನೀನೂ ಕಳ್ಳ, ನಿಮ್ಮಜ್ಜನೂ ಕಳ್ಳ, ಇಲ್ಲಿ ನಿಂತಿರೋರು ಎಲ್ರೂ ಕಳ್ರೇ. ಇದೇನ್ ಹೊಸ ಸುದ್ದಿಯಾ?" ಕಸಿಲ್ದಾ ಸೆರಗಿನಂತಿದ್ದ ತನ್ನ ಶಾಲನ್ನು ಹೆಗಲ ಮೇಲೆಸೆದಳು. "ಬಾರು ಮುಚ್ಚಿದ್ರೆ ನಾಳೆ ಎಲ್ಲಿ ಕೂತು ಇಸ್ಪೀಟ್ ಆಡ್ತೀರಾ? ಉಲ್ಪಿಯಾನೊ, ನಿನ್ ಹೆಂಡ್ತಿ ಮಡಿಲಲ್ಲಾ? ದಾರಿ ಬಾಯಿಗಿರೋದು ನನ್ನ ಹೊಲ. ಮೊದ್ಲು ನಂದೇ ಹೋಗ್ಲಿ. ಗೋದಿ ಹಸಿರಾಗಿ ನಿಂತಿದೆ, ಕಣ್ಣಾರೆ ಬಂದು ನೋಡಿ."

ಉಲ್ಪಿಯಾನೊನ ಹೆಂಡತಿ ಎಲ್ಲರಿಗಿಂತ ಮೊದಲು ಕೈ ಎತ್ತಿದಳು. ಅವನು ಮನೆಯಲ್ಲಿ ಕೂರುವುದು ಅವಳಿಗೆ ಬೇಕಿರಲಿಲ್ಲ. ಉಳಿದವರು ಗೊಣಗುತ್ತಲೇ ಒಬ್ಬೊಬ್ಬರಾಗಿ ಕೈ ಎತ್ತಿದರು, ಕಡೆಗೆ ಉಲ್ಪಿಯಾನೊನೂ ಮೊಣಕೈ ತನಕ ಎತ್ತಿದ.

ಕಲ್ಲು ಮೊದಲು ಎಲ್ಲಿತ್ತು ಎಂಬುದು ಬೇರೆ ತಲೆನೋವು. ಕಿತ್ತ ಮೆಲಿತೋನ್ ಸ್ಮಶಾನದಲ್ಲಿದ್ದ. ನೋಡಿದ್ದವರೆಲ್ಲ ಅಲ್ಲೇ ಅಕ್ಕಪಕ್ಕದಲ್ಲಿದ್ದರು. ಉಳಿದವನೊಬ್ಬನೇ, ಅವನು ಮಾತಾಡುವುದು ನಾಯಿಯ ಜೊತೆ.

ಮಾರನೆಯ ದಿನ ಕಸಿಲ್ದಾ ಉಲ್ಪಿಯಾನೊನ ಟ್ರಾಕ್ಟರಿಗೆ ಕಲ್ಲನ್ನು ಕಟ್ಟಿಸಿ, ತಾನೂ ಹಾರೆ ಹಿಡಿದು ಹೊಲಕ್ಕೆ ಇಳಿದಳು. ಊರೇ ಹೊಲದ ಬದುವಿನಲ್ಲಿ ನಿಂತಿತ್ತು. ಮೇಲಿನ ದಿಣ್ಣೆಯಲ್ಲಿ ಬಸೀಲಿಯೊ ಕುರಿ ನಿಲ್ಲಿಸಿಕೊಂಡು, ಕೋಲಿನ ಮೇಲೆ ಗದ್ದ ಊರಿ, ಆಕಾಶ ನೋಡುತ್ತಿದ್ದ. ಕಸಿಲ್ದಾ ಬದುವಿನಿಂದ ನಾಲ್ಕು ಹೆಜ್ಜೆ ಒಳಗೆ ಕಲ್ಲನ್ನು ಇಳಿಸಿದಳು.

"ಮೋರಾ, ಹೇಳು ಅವಳಿಗೆ, ಇನ್ನೂ ಎಡಕ್ಕೆ."

ಟ್ರಾಕ್ಟರು ಗೋದಿಯನ್ನು ತುಳಿದುಕೊಂಡು ಎಡಕ್ಕೆ ಹೋಯಿತು.

"ಮೋರಾ, ಹೇಳು. ಇನ್ನೂ ಎಡಕ್ಕೆ."

"ಇನ್ನೂನಾ? ನಿನ್ನಜ್ಜಿ ತಲೆ! ಇಡೀ ಹೊಲಾನೇ ಬರ್ಕೊಡ್ಲಾ?"

"ಮೋರಾ, ಹೇಳು, ಅರ್ಧ ಹೊಲ ಸಾಕು ಅಂತ."

ಬದುವಿನ ಮೇಲೆ ನಗೆ ಎದ್ದಿತು. ಕಸಿಲ್ದಾ ಬೈದಳು, ಎಳೆಸಿದಳು, ಮತ್ತೆ ಬೈದಳು. ಕೊನೆಗೆ ದಿಣ್ಣೆಯಿಂದ ಏನೂ ಕೇಳಿಸಲಿಲ್ಲ. ಅವಳು ಹಾರೆಯಿಂದ ನೆಲ ಕೆದಕಿದಳು. ಗೋದಿಯ ಬೇರಿನ ಕೆಳಗೆ ಹಳೆಯ ಕುಳಿಯೊಂದು ಸಿಕ್ಕಿತು. ಕಲ್ಲಿನ ಬುಡ ಅದರೊಳಗೆ ಸರಿಯಾಗಿ ಕೂತಿತು. ಕಸಿಲ್ದಾ ಬೆವರೊರೆಸಿಕೊಂಡು ಸೊಂಟ ನೆಟ್ಟಗೆ ಮಾಡಿ ತಲೆ ಎತ್ತಿದಳು.

ಈ ಜಾಗದಲ್ಲಿ ಅವಳು ಯಾವತ್ತೂ ಕೆಳಮುಖವಾಗಿ ನಿಂತಿರಲಿಲ್ಲ. ಅಪ್ಪ ಬಿಡುತ್ತಿರಲಿಲ್ಲ, ಅವನು ಸತ್ತ ಮೇಲೆ ಉಳುಮೆಯೆಲ್ಲ ಕೂಲಿಯವರದು. ಇಳಿಜಾರಿನ ಬುಡದಲ್ಲಿ, ಕೂಗಿದರೆ ಕೇಳಿಸುವಷ್ಟು ಹತ್ತಿರ, ಹೆದ್ದಾರಿ. ಅದರ ಮೇಲೆ ಹೋಗುತ್ತಿದ್ದ ಲಾರಿಯ ಬಣ್ಣವೂ ಕಾಣುತ್ತಿತ್ತು. ಪಕ್ಕಕ್ಕೆ ತಿರುಗಿದರೆ ಗರಸು ದಾರಿಯ ಆ ಮೊದಲ ತಿರುವು. ತಾಯಿಯನ್ನು ಹೊತ್ತ ಟ್ರಾಕ್ಟರು ಬೆಟ್ಟದ ಕಡೆ ಹೊರಳಿದ್ದು ಅಲ್ಲೇ. ಬಸೀಲಿಯೊ ಕೋಲು ಬೀಸುತ್ತ ನಿಂತಿದ್ದದ್ದು ಇಲ್ಲಿ, ಈಗ ಕಲ್ಲಿರುವಲ್ಲಿ. ಅವತ್ತು ಅವನ ಸುತ್ತ ಒಂದು ಕುರಿಯೂ ಇರಲಿಲ್ಲ. ಅದು ಅವಳಿಗೆ ಈಗ ನೆನಪಾಯಿತು. ನಾಯಿ ಅವನ ಕಾಲ ಬಳಿಯೇ ಕೂತಿತ್ತು. ಕಾಲ ಬಳಿ ಕೂತ ನಾಯಿಯನ್ನು ಯಾರಾದರೂ ಗಂಟಲು ಹರಿಯುವ ಹಾಗೆ ಕೂಗುತ್ತಾರೆಯೇ? ಅಪ್ಪನೂ ಇವನನ್ನು ನೋಡಿದ್ದ. ನೋಡಿಯೂ ಹಲ್ಲು ಕಚ್ಚಿ ಬೆಟ್ಟದ ಕಡೆ ಹೊರಳಿಸಿದ್ದ. ಒಂದು ಗಾಲಿ ಹರಿದರೂ ಅದು ದಾರಿಯಾಗಿಬಿಡುತ್ತಿತ್ತಲ್ಲ!

ಕಸಿಲ್ದಾಳ ಕೈಯಿಂದ ಹಾರೆ ಜಾರಿತು. ಇಷ್ಟು ವರ್ಷ ಅವಳು ಡಾಂಬರಿಲ್ಲದ ಆ ದಾರಿಗೆ ಬೈದಿದ್ದಳು, ಸರಕಾರಕ್ಕೆ ಬೈದಿದ್ದಳು, ಕಕ್ಕಸಿನ ಗೋಡೆಯ ಮೇಲಿನ ಮುಖಗಳಿಗೆಲ್ಲ ಬೈದಿದ್ದಳು. ಅವಳು ದಿಣ್ಣೆಯ ಕಡೆ ತಿರುಗಿದಳು.

"ಬಸೀಲಿಯೊ! ಅವತ್ತು ನೀನು ನಾಯೀನ ಕರೀತಿರ್ಲಿಲ್ಲ ಅಲ್ವಾ?"

ಬಸೀಲಿಯೊ ಕಲ್ಲನ್ನು ನೋಡಿದ. ಅದು ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ಬಹಳ ಹೊತ್ತು ನೋಡಿದ. ಆಮೇಲೆ ಟೋಪಿ ತೆಗೆದ.

"ಇಲ್ಲ ಕಸಿಲ್ದಾ. ನಿಮ್ಮನ್ನೇ ಕರೀತಿದ್ದೆ," ಎಂದ. "ಆಣೆ ಹಾಕಿದ್ನಲ್ಲ, ದಡ್ಡ ನಾನು. ಬಾಯಿಗೆ ನಾಯಿ ಹೆಸ್ರೇ ಬಂತು."

ಕಸಿಲ್ದಾ ಆ ಕಲ್ಲಿನ ಮೇಲೆ ಕೂತು ಅತ್ತಳು. ಊರೆಲ್ಲ ನೋಡುತ್ತಿದ್ದರೂ ಅತ್ತಳು. ಅಪ್ಪನಿಗೆ ಬಾಯಿಗೆ ಬಂದದ್ದನ್ನೆಲ್ಲ ಬೈದುಕೊಂಡು, ಅಮ್ಮನ ಹೆಸರು ಹಿಡಿದು, ಮೂಗನ್ನು ಶಾಲಿನಲ್ಲಿ ಒರೆಸಿಕೊಂಡು ಅತ್ತಳು. ಬಸೀಲಿಯೊ ಹತ್ತಿರ ಬಂದು ನಿಂತ. ಹಿಂದೆಯೇ ಬಂದ ಕುರಿಗಳು ಅವಳ ಗೋದಿಯನ್ನು ಮೇಯತೊಡಗಿದವು, ಅವನು ತಡೆಯಲೂ ಇಲ್ಲ, ಅವಳು ಕೇಳಲೂ ಇಲ್ಲ.

ಮುಂದಿನ ಶನಿವಾರ ಐನೋವಾಳ ಗುಂಪು ಹೆದ್ದಾರಿಯಿಂದ ಕುರಿದಾರಿ ಹಿಡಿದು ಮೇಲೆ ಬಂತು. ನಡುವೆ ಮೋರಾ ಅಡ್ಡ ನಿಂತಳು. ಜಡ್ಜು, ವಕೀಲ, ಹಲ್ಲಿನ ಡಾಕ್ಟರು ಎಲ್ಲರೂ ಸೈಕಲ್ಲಿನಿಂದ ಇಳಿದು, ಕುರಿಗಳು ಪೂರ್ತಿ ದಾಟುವ ತನಕ ಬಿಸಿಲಿನಲ್ಲಿ ಕೈಕಟ್ಟಿ ನಿಂತರು. ಬಸೀಲಿಯೊ ಬೇಕೆಂದೇ ನಿಧಾನ ಮಾಡಿದ.

ಮಧ್ಯಾಹ್ನ ಬಾರು ಗಿಜಿಗುಡುತ್ತಿತ್ತು. ಬಸೀಲಿಯೊ ಎಂದಿನಂತೆ ಬಾಗಿಲ ಹೊರಗೆ ಬಂದು ನಿಂತ. ಗಡ್ಡ ಬೋಳಿಸಿದ್ದ, ಅಂಗಿ ಒಗೆದದ್ದಿತ್ತು. ಕಲ್ಲಿದ್ದ ಜಾಗದಲ್ಲಿ ಈಗ ಬರೀ ಹಸಿ ಮಣ್ಣು. ಅವನು ಗಂಟಲು ಸರಿಮಾಡಿಕೊಂಡ.

"ಕಸಿಲ್ದಾ, ಒಂದು ಲೋಟ ವೈನು ಕೊಡು."

ಕಸಿಲ್ದಾಳ ಮುಖ ಕಿವಿಯವರೆಗೂ ಕೆಂಪೇರಿತು. ಅವನ ಮುಖ ನೋಡುವ ಧೈರ್ಯ ಅವಳಿಗೆ ಬರಲಿಲ್ಲ. ಕಟ್ಟೆಯ ಮೇಲಿಂದ ಬಗ್ಗಿ, ಅವನ ಕಾಲ ಬಳಿ ನಾಲಿಗೆ ಚಾಚಿ ಕೂತಿದ್ದ ನಾಯಿಯ ಕಡೆ ನೋಡಿದಳು.

"ಮೋರಾ," ಎಂದಳು, "ಹೇಳು ಅವನಿಗೆ. ಹೊರಗಡೆ ಕೂರೋಕೆ ಈಗ ಕಲ್ಲಿಲ್ಲ. ಒಳಗೆ ಬಂದು ಕೂತ್ಕೊಳ್ಳೋಕೆ ಹೇಳು."